ಹುಳಿನೀರು: ಉಪವಾಸದವಳ ಒಲೆ

ಅಕ್ಕಸಾಲಿ ಹೆಂಗ್ ತಾತ ಸೀಸೆಯ ಮುಚ್ಚಳ ತೆಗೆದು, ಗಾಜಿನ ಕಡ್ಡಿಯ ತುದಿಯಲ್ಲಿ ಒಂದೇ ಒಂದು ಹನಿ ಎತ್ತಿ, ಆ ಬೂದು ಬಣ್ಣದ ಚೂರಿನ ಮೇಲೆ ಬಿಟ್ಟ.

ಹನಿ ಒಂದು ಗಳಿಗೆ ಹಾಗೇ ನಿಂತಿತು. ನೋಡುನೋಡುತ್ತಲೇ ರಕ್ತದಷ್ಟು ಕೆಂಪಾಯಿತು.

"ಬೆಳ್ಳಿ," ಎಂದ ತಾತ, ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸುತ್ತ. "ಅಪ್ಪಟ ಬೆಳ್ಳಿ. ಆದ್ರೆ ಯಾವ ಮುಠ್ಠಾಳ ಮಾಡಿದ್ದಮ್ಮ ಇದನ್ನ? ಮಸಿ ಕಾಗದದಂಥಾದ್ದಕ್ಕೆ ಬೆಳ್ಳಿ ಬಳಿದಿದ್ದಾನೆ. ಇದ್ರಿಂದ ಓಲೆ ಆಗಲ್ಲ, ಬಳೆ ಆಗಲ್ಲ."

"ಹೆಣ ಆಗುತ್ತೆ ತಾತ," ಎಂದಳು ಪೊಲೀಸ್ ಕ್ಯಾಪ್ಟನ್ ಸುರೈದಾ.

ತಾತನ ಕೈಯಲ್ಲಿದ್ದ ಕಡ್ಡಿ ಹಾಗೇ ನಿಂತಿತು. ಸುರೈದಾ ಚೂರನ್ನು ಚೀಲಕ್ಕೆ ಹಾಕಿ, ತಲೆವಸ್ತ್ರ ಬಿಗಿ ಮಾಡಿಕೊಂಡು ಅಂಗಡಿಯ ಮೆಟ್ಟಿಲಿಳಿದಳು. ಹಾಟ್ ಯಾಯ್ ಪೇಟೆಯ ಬಿಸಿಲು ಮುಖಕ್ಕೆ ಹೊಡೆಯಿತು. ರಂಜಾನ್ ತಿಂಗಳು. ಬೆಳಗಿನ ಜಾವದಿಂದ ಗಂಟಲಿಗೆ ಒಂದು ಗುಟುಕು ನೀರಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆದರೂ ಅವಳ ಎದೆ ಉರಿಯುತ್ತಿದ್ದುದು ಬಾಯಾರಿಕೆಯಿಂದಲ್ಲ.

ಜೀಪಿನಲ್ಲಿ ಸಾರ್ಜೆಂಟ್ ಚರೂನ್ ಐಸ್ ಕಾಫಿ ಹೀರುತ್ತಿದ್ದವನು ಅವಳನ್ನು ಕಂಡು ಲೋಟವನ್ನು ಸೀಟಿನ ಕೆಳಗೆ ತಳ್ಳಿದ.

"ಕುಡೀರಿ ಚರೂನ್. ಉಪವಾಸ ನನ್ನದು, ನಿಮ್ಮದಲ್ಲ."

"ನಿಮ್ಮ ಮುಖ ನೋಡಿದ್ಮೇಲೆ ಕುಡಿಯೋ ಧೈರ್ಯ ಯಾರಿಗಿದೆ ಮೇಡಂ? ಬೆಳ್ಳಿನೇನಾ?"

"ಬೆಳ್ಳಿನೇ. ಕಾರ್ಖಾನೆಗೆ ಹೊಡೀರಿ."

ಯಾಮೀಲಾ ಸತ್ತದ್ದು ಅದೇ ಕಾರ್ಖಾನೆಯಲ್ಲಿ, ನಡು ಮಧ್ಯಾಹ್ನ. ಲೊಮ್ ಥೊಂಗ್ ಕಂಪನಿಯ ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು ಅಲ್ಲಿ ಪರೀಕ್ಷೆಗೆ ಮಾದರಿ ತೆಗೆಯುವ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದಳು. ರಕ್ತದ ತುಂಬ ಕಾರ್ಬನ್ ಮೊನಾಕ್ಸೈಡ್. ಪಕ್ಕದಲ್ಲಿ ಒಂದು ಇದ್ದಿಲ ಒಲೆ, ಅದರ ಮೇಲೆ ಅರೆಬರೆ ಸುಟ್ಟ ಮೀನು. ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಿ ತನ್ನ ಸಾವು ತಾನೇ ತಂದುಕೊಂಡಳು ಅಂತ ಕಂಪನಿ ಹೇಳಿತ್ತು. ಫೈಲು ಮುಚ್ಚಿ ಅಂತ ಸುರೈದಾಳ ಮೇಲಧಿಕಾರಿಯೂ ಹೇಳಿಯಾಗಿತ್ತು.

ಮುಚ್ಚಬಹುದಿತ್ತು. ಆದರೆ ನಿನ್ನೆ ಅವಳು ಯಾಮೀಲಾಳ ಮನೆಗೆ ಹೋಗಿದ್ದಳು. ತಾಯಿ ಸೀತಿ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದಳು. ಮುಖದ ಮೇಲೆಲ್ಲ ಸುಟ್ಟ ಕಲೆ, ಎರಡೂ ಕಣ್ಣು ಹೋಗಿದ್ದವು. ರಬ್ಬರ್ ತೋಟದಲ್ಲಿ ಆಮ್ಲ ಸಿಡಿದದ್ದು ಅಂತ ಮಗ ರೊಮ್ಲೀ ಹೇಳಿದ್ದ.

"ಅವತ್ತು ಜಾವದಲ್ಲಿ ಅವಳೇ ನನ್ನನ್ನ ಎಬ್ಬಿಸಿ ಅನ್ನ ತಿನ್ನಿಸಿದ್ಲು," ಎಂದಿದ್ದಳು ಸೀತಿ, ಸುರೈದಾಳ ಕೈ ಹುಡುಕಿ ಹಿಡಿದು. "ಉಪವಾಸದ ಸಂಕಲ್ಪ ಇಬ್ರೂ ಒಟ್ಟಿಗೆ ಹೇಳಿದ್ವಿ. ನನ್ನ ಮಗಳು ಮಧ್ಯಾಹ್ನ ಮೀನು ಸುಡ್ತಾ ಕೂತಿದ್ಲಂತಾ? ಹಾಗಂದವನ ಬಾಯಿಗೆ ಮಣ್ಣು ಹಾಕು ತಾಯಿ!"

ಹೊರಡುವಾಗ ರೊಮ್ಲೀ ಬೇಲಿಯವರೆಗೂ ಬಂದಿದ್ದ. ಅಕ್ಕ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಅವನೂ ಫಿಟ್ಟರ್. ಸುತ್ತಮುತ್ತ ನೋಡಿ, ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಆ ಬೂದು ಚೂರನ್ನು ತೆಗೆದು ಅವಳ ಅಂಗೈಗೆ ಒತ್ತಿದ್ದ. "ಯಂತ್ರದ ಒಳಗಿನ ತಗಡಿನ ತುಂಡು ಮೇಡಂ. ಹಾಕಿದ್ದು ನನ್ನ ಕೈಯಲ್ಲೇ, ಹೇಳಿದ್ದು ನಮ್ಮ ಮಾಲೀಕರು ಥನಾವತ್ ಸಾರ್. ಇದೇನು ಅಂತ ಪರೀಕ್ಷೆ ಮಾಡಿಸಿ. ಅವರನ್ನ ಬಿಡ್ಬೇಡಿ."

ಜೀಪು ರಬ್ಬರ್ ತೋಟಗಳ ನಡುವೆ ಓಡುತ್ತಿತ್ತು. ಮನೆಗಳ ಮುಂದೆ ತಂತಿಯ ಮೇಲೆ ರಬ್ಬರ್ ಹಾಳೆಗಳು ಒಣಗುತ್ತಿದ್ದವು. ಅಲ್ಲಲ್ಲಿ ಕಪ್ಪು ತಿರುಗಿ, ಅಂಚು ಬಿರಿದ ಹಾಳೆಗಳನ್ನು ಚರಂಡಿಗೆ ಎಸೆದಿದ್ದರು.

"ರಬ್ಬರ್ ಹಾಲು ಹೆಪ್ಪಾಗೋಕೆ ಜನ ಹಾಕ್ತಾರಲ್ಲ ಹುಳಿನೀರು, ಅದ್ರ ಮಹಿಮೆ ಮೇಡಂ," ಎಂದ ಚರೂನ್. "ಈ ಕಂಪನಿ ಮಾರೋಕೆ ಶುರು ಮಾಡಿದ್ಮೇಲೆ ನಮ್ಮ ಮಾವನ ಹಾಳೇನೂ ಹೀಗೇ. ಗಾಳಿಯಿಂದ ಮಾಡಿದ ಹುಳಿನೀರು, ಮಗು ಕೈಗೆ ಬಿದ್ರೂ ಏನಾಗಲ್ಲ ಅಂತ ಮೈಕಲ್ಲಿ ಕೂಗ್ಕೊಂಡು ಹೋಗಿದ್ರು. ಥೂ!"

ಮೈಕಿನಲ್ಲಿ ಕೂಗಿದ ಮಾತಿಗೂ ಸೀತಿಯ ಕಣ್ಣಿಗೂ ಏನು ಸಂಬಂಧ ಅಂತ ಸುರೈದಾ ಆಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

*

ತಾಳೆಎಣ್ಣೆ ಗಿರಣಿಯ ಪಕ್ಕದಲ್ಲೇ ಲೊಮ್ ಥೊಂಗ್. ಗಿರಣಿಯ ಕೊಳೆನೀರಿನಿಂದ ಏಳುವ ಅನಿಲದಲ್ಲಿ ಉರಿಯುವ ಭಾಗ ವಿದ್ಯುತ್ತಿಗೆ ಹೋಗುತ್ತಿತ್ತು. ಉಳಿದ ಕಾರ್ಬನ್ ಡೈಆಕ್ಸೈಡ್ ಕೊಳವೆಯಲ್ಲಿ ಇಲ್ಲಿಗೆ ಬರುತ್ತಿತ್ತು. 'ಹೊಗೆಯಿಂದ ಹೊನ್ನು' ಎಂದು ಗೋಡೆಯ ಉದ್ದಕ್ಕೂ ಬರೆಸಿದ್ದರು.

ಯಂತ್ರ ಗುಂಯ್‌ಗುಡುತ್ತಿತ್ತು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತಗಡುಗಳು. ಹೆಣ ಸಾಗಿಸಿ ವಾರ ಕಳೆದಿಲ್ಲ, ಆಗಲೇ ಬೋರ್ಡಿನ ಮೇಲೆ ಹಸಿರು ದೀಪಗಳು.

ಸುರೈದಾ ಪೆಟ್ಟಿಗೆಯ ಹಿಂದೆ ಹೋದಳು. ಬಳಸಿದ ಅನಿಲ ಹೊರಹೋಗುವ ಕೊಳವೆ ಅಲ್ಲಿಂದ ಮೇಲೆದ್ದು, ಮಾದರಿ ಕೋಣೆಯ ಹಿಂಗೋಡೆಗೆ ಒರಗಿಕೊಂಡೇ ಮಾಳಿಗೆಗೆ ಏರಿತ್ತು. ಗೋಡೆಯ ಗಾಳಿಕಿಂಡಿಯ ಮುಂದೆ ಕೊಳವೆಗೆ ಒಂದು ಜೋಡಣೆ. ಅದನ್ನು ಬಿಗಿದ ಕಬ್ಬಿಣದ ಪಟ್ಟಿ ಹೊಚ್ಚಹೊಸದು. ಪಕ್ಕದ ಪಟ್ಟಿಗಳೆಲ್ಲ ತುಕ್ಕು ಹಿಡಿದಿದ್ದವು.

"ಈ ಒಂದನ್ನ ಯಾಕೆ ಬದಲಾಯಿಸಿದ್ರು?" ಎಂದಳು.

"ಹಳೇದು ಸಡಿಲಾಗಿತ್ತೇನೋ," ಎಂದ ಚರೂನ್. ಅಂದವನೇ ಬಾಯಿ ತೆರೆದು ಗಾಳಿಕಿಂಡಿಯನ್ನೂ ಕೊಳವೆಯನ್ನೂ ಒಂದಾದ ಮೇಲೊಂದರಂತೆ ನೋಡಿದ.

ಅವಳು ಕೋಣೆಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗೆ ಏಸಿಯ ಚಳಿ. ಮಬ್ಬು ಗಾಜಿನ ಬಾಗಿಲಿಗೆ ಮರದ ಚೌಕಟ್ಟು. ಮಂಡಿಯೂರಿ, ಚೌಕಟ್ಟಿನ ಕೆಳತುದಿಗೆ ಬೆರಳಾಡಿಸಿದಳು. ಬಣ್ಣ ಕಿತ್ತು ಬಂದಿತ್ತು. ಒಂದರ ಪಕ್ಕ ಒಂದು, ತೆಳ್ಳನೆಯ ಗೀರುಗಳು. ಒಂದು ಗೀರಿನಲ್ಲಿ ಮುರಿದ ಉಗುರಿನ ಚೂರು ಇನ್ನೂ ಸಿಕ್ಕಿಕೊಂಡಿತ್ತು.

ಸುರೈದಾ ಎದ್ದು ಬಾಗಿಲು ತೆರೆದಾಗ ಚರೂನ್ ದಾರಿ ಬಿಟ್ಟು ನಿಂತ.

"ರೊಮ್ಲೀನ ಮೇಲೆ ಮಾಲೀಕರ ಕೋಣೆಗೆ ಕರ್ಕೊಂಡು ಬನ್ನಿ," ಎಂದಳು. "ಅವನ ಅಕ್ಕನ ವಿಷಯ. ಅವನೂ ಕೇಳ್ಲಿ."

*

ಡಾಕ್ಟರ್ ಥನಾವತ್ ಮೆಲ್ಲಗೆ ಮಾತಾಡುವ ಮನುಷ್ಯ. ಐವತ್ತು ದಾಟಿದರೂ ಕೂದಲು ಕಪ್ಪು. ಯಂತ್ರ ಅವನು ಕಟ್ಟಿದ್ದು, ಕಂಪನಿ ಅವನದ್ದು.

"ಬನ್ನಿ ಕ್ಯಾಪ್ಟನ್. ತಣ್ಣಗೆ ಏನಾದ್ರೂ ತರಿಸ್ಲಾ?"

"ಉಪವಾಸ."

"ಅಯ್ಯೋ, ಮರ್ತೇಬಿಟ್ಟೆ."

"ಹೌದು. ನೀವೆಲ್ಲ ಮರ್ತಿದ್ದು ಅದನ್ನೇ." ಸುರೈದಾ ಕೂರಲಿಲ್ಲ. "ಯಾಮೀಲಾನೂ ಉಪವಾಸ ಇದ್ಲು. ಹೊಟ್ಟೇಲಿ ಒಂದಗುಳು ಇರ್ಲಿಲ್ಲ ಅಂತ ಡಾಕ್ಟರು ಬರೆದಿದ್ದಾರೆ. ಉಪವಾಸದವಳು ಯಾರಿಗೋಸ್ಕರ ಮೀನು ಸುಡ್ತಿದ್ಲು?"

"ಎಲ್ರೂ ಕಟ್ಟುನಿಟ್ಟಾಗಿ ಮಾಡ್ತಾರಾ ಮೇಡಂ? ಹಸಿವು ಹಸಿವೇ."

"ಹಸಿವಾದವಳು ಮೀನು ತಿಂತಾಳೆ. ಅದನ್ನ ಮುಟ್ಟದೆ ಪಕ್ಕದಲ್ಲಿಟ್ಕೊಂಡು ಸಾಯಲ್ಲ. ಒಲೆ ಇದ್ದ ಜಾಗದಲ್ಲಿ ಪ್ಲಾಸ್ಟಿಕ್ ಹಾಸಿದೆ. ಒಂದು ಚೂರೂ ಕರಗಿಲ್ಲ. ಆ ಒಲೆ ಅಲ್ಲಿ ಉರೀಲೇ ಇಲ್ಲ. ಎಲ್ಲೋ ಉರಿಸಿ, ತಣ್ಣಗಾದ್ಮೇಲೆ ತಂದಿಟ್ಟಿದ್ದಾರೆ."

ಬಾಗಿಲ ಬಳಿ ಚರೂನ್ ಜೊತೆ ನಿಂತಿದ್ದ ರೊಮ್ಲೀ ತಲೆ ತಗ್ಗಿಸಿದ. ಅಕ್ಕನ ನೆನಪಾಯಿತೇನೋ ಅಂದುಕೊಂಡಳು ಸುರೈದಾ.

"ಹಾಗಾದ್ರೆ ವಿಷಾನಿಲ ಎಲ್ಲಿಂದ ಬಂತು?" ಥನಾವತ್ ಕೈ ಚೆಲ್ಲಿದ. "ನನ್ನ ಯಂತ್ರ ಮಾಡೋದು ಆಮ್ಲ. ಮೊದಲನೇ ದಿನಾನೇ ಬಿಡಿಸಿ ಹೇಳಿದ್ದೆ."

"ಇನ್ನೊಂದ್ಸಲ ಹೇಳಿ. ನಾನು ದಡ್ಡಿ."

ಅವನು ನಕ್ಕ. ಪಾಠ ಹೇಳುವುದೆಂದರೆ ಅವನಿಗೆ ಇಷ್ಟ. "ಕಾರ್ಬನ್ ಡೈಆಕ್ಸೈಡ್, ನೀರು, ಕರೆಂಟು. ಮೂರೂ ತಗಡಿನ ಮೇಲೆ ಸೇರ್ತವೆ. ಏನು ಹುಟ್ಟುತ್ತೆ ಅನ್ನೋದನ್ನ ತಗಡಿನ ಲೇಪ ತೀರ್ಮಾನ ಮಾಡುತ್ತೆ. ನಾವು ಹಾಕೋದು ಬಿಸ್ಮತ್. ಅದ್ರ ಮೇಲೆ ಫಾರ್ಮಿಕ್ ಆಮ್ಲ ಹುಟ್ಟುತ್ತೆ, ಇದೇ ಜನರ ಹುಳಿನೀರು. ತಾಮ್ರ ಹಾಕಿದ್ರೆ ಮದ್ಯಸಾರ, ಇನ್ನೂ ಏನೇನೋ ಬರ್ತವೆ."

"ಬೆಳ್ಳಿ ಹಾಕಿದ್ರೆ?"

ನಗು ತುಟಿಯ ಮೇಲೇ ಉಳಿಯಿತು, ಕಣ್ಣಿನಿಂದ ಹೋಯಿತು.

"ಇಲ್ಲಿ ಬೆಳ್ಳಿ ಇಲ್ಲ."

"ಇದೆಯಾ ಅಂತ ಕೇಳ್ಲಿಲ್ಲ. ಹಾಕಿದ್ರೆ ಏನು ಹುಟ್ಟುತ್ತೆ ಅಂತ ಕೇಳಿದೆ."

ಥನಾವತ್ ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿ ಇಟ್ಟ.

"ಹೇಳೋಕೆ ನಾಚಿಕೆಯಾ ಸಾರ್? ನಾನೇ ಹೇಳ್ತೀನಿ, ಓದ್ಕೊಂಡು ಬಂದಿದ್ದೀನಿ. ಕಾರ್ಬನ್ ಮೊನಾಕ್ಸೈಡ್!" ಅವಳು ಚೂರಿನ ಚೀಲವನ್ನು ಮೇಜಿಗೆ ಕುಕ್ಕಿದಳು. "ನಿಮ್ಮ ಯಂತ್ರದ ಹೊಟ್ಟೆಯೊಳಗಿಂದ ತೆಗೆದಿದ್ದು. ಬೆಳ್ಳಿ. ಕೆಳಗೆ ಬೋರ್ಡಿನಲ್ಲಿ ಹಸಿರು ದೀಪ ಉರೀತಿದೆ, ಜನ ಚಪ್ಪಾಳೆ ಹೊಡೀತಾರೆ, ಒಳಗೆ ಹುಟ್ತಾ ಇರೋದು ಬಣ್ಣ ಇಲ್ಲದ, ವಾಸನೆ ಇಲ್ಲದ ವಿಷ. ಅಲ್ಲಿ ದಿನಾ ನಿಲ್ಲೋ ಹೆಂಗಸಿಗೆ ಒಂದು ಮಾತು ಹೇಳಿದ್ರಾ? ಒಂದು ಅಲಾರ್ಮ್ ಹಾಕಿಸಿದ್ರಾ?"

"ಬಿಸ್ಮತ್ ಲೇಪ ಬಾಳಿಕೆ ಬರ್ತಿಲ್ಲ ಕ್ಯಾಪ್ಟನ್." ಅವನ ದನಿ ಇನ್ನೂ ಮೆಲ್ಲಗೇ ಇತ್ತು. "ಕಿತ್ತು ಉದುರುತ್ತೆ. ಪ್ರಪಂಚದಲ್ಲಿ ಎಷ್ಟೋ ಜನ ಇದೇ ತೊಂದರೇಲಿ ಒದ್ದಾಡ್ತಿದ್ದಾರೆ. ನನಗೆ ಸ್ವಲ್ಪ ಸಮಯ ಬೇಕಿತ್ತು. ಬೆಳ್ಳಿ ಹಾಕಿದ್ರೆ ಕರೆಂಟು ಅಲುಗಾಡಲ್ಲ. ನೋಡೋಕೆ ಬಂದವರಿಗೆ ಯಂತ್ರ ಓಡ್ತಾ ಇರೋದು ಕಾಣುತ್ತೆ. ಅನಿಲ ಮಾಳಿಗೆ ಮೇಲಿಂದ ಹೋಗ್ಬಿಡುತ್ತೆ, ಯಾರಿಗೂ ತೊಂದರೆ ಇಲ್ಲ."

"ಮತ್ತೆ ಡ್ರಮ್ಮಿನಲ್ಲಿ ತುಂಬಿ ಜನಕ್ಕೆ ಮಾರಿದ್ರಲ್ಲ, ಆ ಆಮ್ಲ?"

"ಹೊರಗಿನಿಂದ ತರಿಸಿದ್ದು."

"ಏನದು?"

ಬಾಗಿಲ ಬಳಿಯಿಂದ ಉತ್ತರ ಬಂತು.

"ಗಂಧಕಾಮ್ಲ ಬೆರೆಸಿದ್ದು ಮೇಡಂ." ಎಂದ ರೊಮ್ಲೀ. "ಅಗ್ಗದ್ದು. ಮೆದು ಆಮ್ಲ ಅಂತ ನಂಬಿ ನಮ್ಮಮ್ಮ ಅದನ್ನ ಬರೀ ಮಗ್ಗಿನಲ್ಲಿ ಎತ್ತಿ ಅದ್ರ ಮೇಲೇ ನೀರು ಸುರಿದ್ಲು. ಕುದ್ದು ಮುಖಕ್ಕೆ ಹಾರ್ತು. ಅಕ್ಕ ಈ ಕಂಪನಿಯವಳು ಅಂತ ಹೆಮ್ಮೆಯಿಂದ ನಮ್ಮನೆಗೇ ಮೊದಲನೇ ಡ್ರಮ್ ತಂದಿದ್ಲು."

ಚರೂನ್ ಬಾಯಲ್ಲಿ ಬಂದ ಬೈಗುಳವನ್ನು ನುಂಗಿಕೊಂಡ.

ಸುರೈದಾಳ ಕಣ್ಣ ಮುಂದೆ ಸೀತಿಯ ಕೈ ಬಂತು, ಗಾಳಿಯಲ್ಲಿ ತನ್ನ ಕೈಯನ್ನು ಹುಡುಕುತ್ತಿದ್ದ ಕೈ. ಅವಳು ಮೇಜಿನ ಅಂಚು ಹಿಡಿದು ಬಾಗಿದಳು.

"ಯಾಮೀಲಾಗೆ ಎಲ್ಲ ಗೊತ್ತಾಯ್ತು. ಬೆಳ್ಳಿ, ಡ್ರಮ್ಮು, ಎಲ್ಲ. ಬಾಯಿ ಬಿಡ್ತಾಳೆ ಅಂತ ಹೆದರಿದ್ರಿ. ಕೊಳವೆ ಸಡಿಲ ಮಾಡಿಸಿದ್ರಿ. ಗಾಳಿಕಿಂಡಿಯಿಂದ ವಿಷ ಒಳಗೆ ಹೋಯ್ತು. ಹೊರಗಿಂದ ಚಿಲಕ ಬಿತ್ತು."

"ಚಿಲಕಾನಾ? ನಾನು ಬಂದಾಗ ಬಾಗಿಲು ಸುಮ್ನೆ ಮುಚ್ಚಿತ್ತು. ಅವತ್ತು ಮಧ್ಯಾಹ್ನ ನಾನು ವಿಮಾನ ನಿಲ್ದಾಣದಲ್ಲಿದ್ದೆ. ದುಡ್ಡು ಹಾಕೋ ಕೊರಿಯಾದವರನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ಅವರನ್ನೇ ಕೇಳಿ."

"ಸುಮ್ನೆ ಮುಚ್ಚಿದ ಬಾಗಿಲನ್ನ ಯಾರಾದ್ರೂ ಉಗುರು ಕಿತ್ತು ಬರೋ ಹಾಗೆ ಕೆರೀತಾರಾ?" ಈಗ ಅವಳು ಕೂಗುತ್ತಿದ್ದಳು. ಕೆಳಗೆ ಕೆಲಸದವರು ತಲೆ ಎತ್ತಿ ನೋಡಿದರು. "ಹೋಗಿ ನೋಡಿ! ಚೌಕಟ್ಟಿನಲ್ಲಿ ಅವಳ ಉಗುರು ಇನ್ನೂ ಸಿಕ್ಕಿಕೊಂಡಿದೆ. ನಿಲ್ಲೋಕೆ ಶಕ್ತಿ ಇಲ್ದೆ, ನೆಲದ ಮೇಲೆ ತೆವಳಿಕೊಂಡು, ಬಾಗಿಲ ಬುಡ ಕೆರೆದಿದ್ದಾಳೆ. ಎಷ್ಟು ಹೊತ್ತು ಕೆರೆದ್ಲೋ! ಯಾರನ್ನ ಕರೆದ್ಲೋ! ಈ ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಿಸ್ಬೇಕು?"

ಬಾಗಿಲ ಬಳಿ ಏನೋ ಬಿದ್ದ ಸದ್ದಾಯಿತು.

ರೊಮ್ಲೀ ಮಂಡಿಯ ಮೇಲೆ ಕುಸಿದಿದ್ದ. ಹಣೆ ಗೋಡೆಗೆ ಒತ್ತಿಕೊಂಡು, ಮುಷ್ಟಿಯಿಂದ ತನ್ನ ಎದೆಗೆ ತಾನೇ ಗುದ್ದಿಕೊಳ್ಳುತ್ತಿದ್ದ.

"ನಿಲ್ಸಿ ಮೇಡಂ. ಸಾಕು. ನಿಲ್ಸಿ."

ಚರೂನ್ ಅವನ ಕೈ ಹಿಡಿಯಲು ಹೋದ. ಅವನು ಕೊಸರಿಕೊಂಡ.

"ಚಿಲಕ ಹಾಕಿದ್ದು ನಾನು."

ಸುರೈದಾಗೆ ಕೇಳಿಸಿತು, ಅರ್ಥವಾಗಲಿಲ್ಲ. "ಏನಂದೆ?"

"ಒಲೆ ತಂದಿಟ್ಟಿದ್ದೂ ನಾನೇ. ಬೆಳಗ್ಗೆನೇ, ಕೋಣೆ ಖಾಲಿ ಇದ್ದಾಗ. ಮನೇಲಿ ಮೀನು ಸುಟ್ಟು, ಬೂದಿ ಸಮೇತ ತಂದೆ. ಅಕ್ಕನೇ ಹೇಳಿದ್ಲು. ಪಟ್ಟಿ ಸಡಿಲ ಮಾಡಿದ್ದೂ ನಾನೇ." ಅವನು ಬೆರಳೆತ್ತಿ ಥನಾವತ್‌ನನ್ನು ತೋರಿಸಿದ. "ಇವನು ದಿನಾ ಮಧ್ಯಾಹ್ನ ಆ ತಣ್ಣನೆ ಕೋಣೇಲಿ ಕೂತು ಉಣ್ತಾನೆ. ಸುಟ್ಟ ಮೀನು ಅಂದ್ರೆ ಇವನಿಗೆ ಪ್ರಾಣ. ಇವನು ಸತ್ರೆ, ಒಲೆ ಹಚ್ಕೊಂಡು ಸತ್ತ ಅಂತಾರೆ, ಯಾರೂ ಕೇಳಲ್ಲ ಅಂದ್ಲು ಅಕ್ಕ. ಪೊಲೀಸಿಗೆ ಹೇಳಿದ್ರೆ ಏನಾಗುತ್ತೆ, ಅಮ್ಮನ ಕಣ್ಣು ವಾಪಸ್ ಬರುತ್ತಾ ಅಂದ್ಲು."

ಉಪವಾಸದವಳು ಯಾರಿಗೋಸ್ಕರ ಮೀನು ಸುಡ್ತಿದ್ಲು? ತಾನೇ ಕೇಳಿದ ಪ್ರಶ್ನೆ. ಉಪವಾಸವಿಲ್ಲದ ಒಬ್ಬ ಗಂಡಸಿಗಾಗಿ. ಸುರೈದಾ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಹಾಗಾದ್ರೆ ಅಕ್ಕ ಒಳಗಿದ್ದಾಗ ಚಿಲಕ ಯಾಕೆ ಹಾಕಿದೆ?"

"ಅಕ್ಕ ಅಂತ ನನಗೇನು ಗೊತ್ತು ಮೇಡಂ!" ಅವನು ಚೀರಿದ. "ಮಬ್ಬು ಗಾಜು. ಒಳಗೆ ಬಿಳಿ ಕೋಟು ಕಾಣ್ತು. ನಾವೆಲ್ಲ ನೀಲಿ. ಇಡೀ ಕಾರ್ಖಾನೇಲಿ ಬಿಳಿ ಕೋಟು ಹಾಕೋನು ಇವನೊಬ್ಬನೇ. ಬೆನ್ನು ತಿರುಗಿಸಿ ಬಗ್ಗಿದ್ದ, ಒಲೆ ಹತ್ರ. ಇವನೇ ಅಂದ್ಕೊಂಡೆ. ಚಿಲಕ ಹಾಕಿ ಓಡಿದೆ. ಆಮೇಲೆ ಬಂದು, ಒಳಗೆ ನೋಡೋಕೆ ಧೈರ್ಯ ಸಾಲ್ದೆ, ಚಿಲಕ ತೆಗೆದು ಹೊಸ ಪಟ್ಟಿ ಬಿಗಿದೆ. ಕೆರೆದಿದ್ದು ನನಗೆ ಕೇಳಿಸ್ಲಿಲ್ಲ, ಅಲ್ಲಾನ ಆಣೆ ಕೇಳಿಸ್ಲಿಲ್ಲ."

ಶವದ ಮೇಲೆ ಬಿಳಿ ಕೋಟಿತ್ತು. ಸುರೈದಾ ಅದನ್ನು ಫೋಟೋದಲ್ಲಿ ಹತ್ತು ಸಲ ನೋಡಿದ್ದಳು. ಪ್ರಯೋಗದ ಕೋಣೆಯಲ್ಲಿ ಎಲ್ಲರೂ ಹಾಕುವ ಬಟ್ಟೆ ಅಂದುಕೊಂಡು ಪುಟ ತಿರುಗಿಸಿದ್ದಳು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು ಅವಳಿಗೆ.

"ಅವಳು ಒಳಗೆ ಯಾಕೆ ಹೋದ್ಲು?" ರೊಮ್ಲೀ ಗೋಡೆಯನ್ನೇ ಕೇಳುತ್ತಿದ್ದ. "ವಿಷ ಬರುತ್ತೆ ಅಂತ ಗೊತ್ತಿತ್ತಲ್ಲ ಅವಳಿಗೆ. ಯಾಕೆ ಹೋದ್ಲು?"

"ನಾನು ಊಟಕ್ಕೆ ಬರಲ್ಲ ಅಂತ ಹೇಳಿದ್ದಕ್ಕೆ ಇರ್ಬೇಕು," ಎಂದ ಥನಾವತ್.

ಎಲ್ಲರೂ ತಿರುಗಿದರು.

"ಒಲೆ ಎತ್ತಿಡೋಕೆ ಹೋಗಿರ್ಬೇಕು ಪಾಪ. ಹೊರಡೋ ಮುಂಚೆ ನಾನೇ ಅವಳನ್ನ ಕರೆದೆ. ವಿಮಾನ ನಿಲ್ದಾಣಕ್ಕೆ ಹೋಗ್ತಿದ್ದೀನಿ, ಮಾದರಿ ನೀನೇ ತೆಗೆದುಬಿಡು ಅಂದೆ. ಒಳಗೆ ಚಳಿ ಜಾಸ್ತಿ, ನನ್ನ ಕೋಟು ಹಾಕ್ಕೊಂಡು ಹೋಗು ಅಂದೆ. ಬೇಡ ಅಂದ್ಲು. ನಾನೇ ಬಲವಂತವಾಗಿ ಹೊದಿಸಿದೆ." ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ಕೆಲಸದವಳಿಗೆ ಚಳಿಯಾಗದಿರ್ಲಿ ಅಂತ ಕೋಟು ಕೊಡೋದು ಯಾವ ಕಾನೂನಲ್ಲಿ ಅಪರಾಧ, ಕ್ಯಾಪ್ಟನ್?"

ರೊಮ್ಲೀ ಹುಲಿಯಂತೆ ಎಗರಿದ. ಚರೂನ್ ಅವನನ್ನು ಸೊಂಟಕ್ಕೆ ಅಪ್ಪಿ ಹಿಡಿದ, ಇಬ್ಬರೂ ನೆಲಕ್ಕುರುಳಿದರು.

ಸುರೈದಾ ಕದಲಲಿಲ್ಲ. ಅವಳು ಥನಾವತ್‌ನ ಮುಖವನ್ನೇ ನೋಡುತ್ತಿದ್ದಳು. ತನ್ನನ್ನು ಕೊಲ್ಲಲು ಇಬ್ಬರು ಸಂಚು ಹೂಡಿದ್ದರು ಎಂಬ ಮಾತನ್ನು ಆ ಮನುಷ್ಯ ಈಗ ತಾನೇ ಕೇಳಿದ್ದ.

ಮೊದಲೇ ಗೊತ್ತಿದ್ದವನಂತೆ, ಅವನು ಬೆಚ್ಚಿರಲಿಲ್ಲ.